ಕಡಲ ಗಾಳಿಯಂತ್ರದ ಅಸ್ತಿಭಾರ

ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ತೆಗೆಯುವ ಯಂತ್ರಗಳು ಕನ್ನಡಿಗರಾದ ನಮಗೆ ಅಪರಿಚಿತವೇನೂ ಅಲ್ಲ. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಮೂರು ರೆಕ್ಕೆಗಳನ್ನು ಚಾಚಿಕೊಂಡು ತಿರುಗುವ ಅವುಗಳನ್ನು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗುವಾಗ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕಂಡವರ ಕಣ್ಣು ಸಹಜವಾಗಿಯೇ ರೆಕ್ಕೆಗಳ ಮೇಲೆ ನಿಲ್ಲುತ್ತದೆ. ಯಂತ್ರದ ಬುಡವನ್ನು ಕುರಿತು ಯಾರೂ ವಿಚಾರಿಸುವುದಿಲ್ಲ. ನೆಲದ ಮೇಲೆ ಅದು ದೊಡ್ಡ ಪ್ರಶ್ನೆಯೂ ಅಲ್ಲ. ಅಗಲವಾದ ಗುಂಡಿಯನ್ನು ತೋಡಿ, ಉಕ್ಕಿನ ಸರಳುಗಳನ್ನು ಹೆಣೆದು, ಕಾಂಕ್ರೀಟು ತುಂಬಿದರೆ ಅಸ್ತಿಭಾರ ಸಿದ್ಧವಾಯಿತು. ಆದರೆ ಅದೇ ಯಂತ್ರವನ್ನು ದಡದಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ, ಮೂವತ್ತು ಮೀಟರ್ ಆಳದ ನೀರಿನಲ್ಲಿ, ಚಳಿಗಾಲವೆಲ್ಲ ಬಿರುಗಾಳಿ ಬೀಸುವ ಉತ್ತರ ಸಮುದ್ರದಂಥ ಕಡಲಿನಲ್ಲಿ ನಿಲ್ಲಿಸಬೇಕಾದರೆ ಬುಡದ ಪ್ರಶ್ನೆಯೇ ಮೊದಲ ಪ್ರಶ್ನೆಯಾಗುತ್ತದೆ. ಆ ಪ್ರಶ್ನೆಯನ್ನು ಯೂರೋಪಿನ ಶಿಲ್ಪಿಗಳು ಹೇಗೆ ಬಿಡಿಸಿದರು, ಎಲ್ಲಿ ಎಡವಿದರು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಜ್ಞಾನವನ್ನು ಐಚ್ಛಿಕವಾಗಿ ತೆಗೆದುಕೊಳ್ಳದ ವಾಚಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಗಣಿತವನ್ನು ಆದಷ್ಟು ಮಿತಿಗೊಳಿಸಿದೆ.

ಕಡಲಿಗೇಕೆ ಹೋಗಬೇಕು?

ಇಷ್ಟು ಕಷ್ಟಪಟ್ಟು ಕಡಲಿಗೆ ಹೋಗುವುದೇಕೆ ಎಂದು ಕೇಳಬಹುದು. ಕಡಲಿನ ಮೇಲೆ ಮರವಿಲ್ಲ, ಮನೆಯಿಲ್ಲ, ಗುಡ್ಡವಿಲ್ಲ, ಗಾಳಿಗೆ ತಡೆಯಿಲ್ಲ. ಆದಕಾರಣ ಅಲ್ಲಿ ಗಾಳಿಯ ವೇಗ ಹೆಚ್ಚು, ಹದವೂ ಸಮ. ಗಾಳಿಯಿಂದ ದೊರೆಯುವ ಶಕ್ತಿ ಅದರ ವೇಗದ ಘನಕ್ಕೆ ಅನುಸಾರವಾಗಿರುತ್ತದೆ. ಸೆಕೆಂಡಿಗೆ ೮ ಮೀಟರ್ ವೇಗದ ಗಾಳಿಯನ್ನೂ ೧೦ ಮೀಟರ್ ವೇಗದ ಗಾಳಿಯನ್ನೂ ಹೋಲಿಸಿ ನೋಡಿ. ವೇಗದಲ್ಲಿ ಹೆಚ್ಚಾದುದು ಕಾಲು ಭಾಗ ಮಾತ್ರ; ಆದರೆ ೮ರ ಘನ ೫೧೨, ೧೦ರ ಘನ ೧೦೦೦. ಎಂದರೆ ಶಕ್ತಿ ಹೆಚ್ಚುಕಡಮೆ ಇಮ್ಮಡಿಯಾಯಿತು. ಇದಲ್ಲದೆ, ನೆಲದ ಮೇಲೆ ರಸ್ತೆಯ ತಿರುವುಗಳಲ್ಲಿ ಸಾಗಿಸಲಾಗದಷ್ಟು ಉದ್ದದ ರೆಕ್ಕೆಗಳನ್ನು ಕಡಲಿನಲ್ಲಿ ಹಡಗಿನ ಮೇಲೆ ಸುಲಭವಾಗಿ ಒಯ್ಯಬಹುದು.

ಈ ಕಾರಣಗಳಿಂದ ಡೆನ್ಮಾರ್ಕಿನವರು ೧೯೯೧ರಲ್ಲಿ ವಿಂಡೆಬಿ ಎಂಬಲ್ಲಿ, ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ, ೪೫೦ ಕಿಲೋವಾಟಿನ ೧೧ ಯಂತ್ರಗಳನ್ನು ನಿಲ್ಲಿಸಿದರು. ಪ್ರಪಂಚದ ಮೊತ್ತಮೊದಲ ಕಡಲ ಗಾಳಿಸ್ಥಾವರವೆಂಬ ಕೀರ್ತಿ ಅದರದು. ಕಾಲು ಶತಮಾನ ದುಡಿದ ಆ ಯಂತ್ರಗಳನ್ನು ೨೦೧೭ರಲ್ಲಿ ಕಳಚಲಾಯಿತು. ಅವುಗಳ ಸ್ಥಾನದಲ್ಲಿ ಇಂದು ೧೪–೧೫ ಮೆಗಾವಾಟಿನ ಯಂತ್ರಗಳು ಕಡಲಿಗಿಳಿದಿವೆ. ಒಂದೊಂದು ಯಂತ್ರವೂ ವಿಂಡೆಬಿಯ ೧೧ ಯಂತ್ರಗಳೆಲ್ಲ ಸೇರಿ ಕೊಡುತ್ತಿದ್ದುದರ ಮೂರರಷ್ಟನ್ನು ಕೊಡಬಲ್ಲದು. ಯಂತ್ರ ಬೆಳೆದಂತೆ ಅದರ ಕಾಲಿನ ಮೇಲಿನ ಹೊರೆಯೂ ಬೆಳೆಯಿತು.

ಬಲಗಳ ಲೆಕ್ಕ

ಆ ಹೊರೆ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ ೧೫೪ ಮೀಟರ್ ಇರುವ ಯಂತ್ರವೊಂದನ್ನು ತೆಗೆದುಕೊಳ್ಳಿ. ವೃತ್ತದ ಕ್ಷೇತ್ರಫಲ ಸುಮಾರು ೧೮,೬೦೦ ಚದರ ಮೀಟರ್. ಸೆಕೆಂಡಿಗೆ ೧೧ ಮೀಟರ್, ಎಂದರೆ ಗಂಟೆಗೆ ಸುಮಾರು ೪೦ ಕಿಲೋಮೀಟರ್ ವೇಗದ ಗಾಳಿ ಬೀಸುವಾಗ ಈ ವೃತ್ತದ ಮೇಲೆ ಬೀಳುವ ನೂಕುಬಲ ಸುಮಾರು ೧೧೦ ಟನ್ ತೂಕಕ್ಕೆ ಸಮನಾಗುತ್ತದೆ. ಈ ಬಲ ಬೀಳುವುದು ಕಂಭದ ತುದಿಯಲ್ಲಿ. ತುದಿಯು ನೀರಿನಿಂದ ೧೦೦ ಮೀಟರ್ ಮೇಲಿದ್ದು, ನೀರು ೩೦ ಮೀಟರ್ ಆಳವಿದ್ದರೆ, ಕಡಲ ತಳದಿಂದ ೧೩೦ ಮೀಟರ್ ಉದ್ದದ ಸನ್ನೆಗೋಲಿನ ತುದಿಯನ್ನು ೧೧೦ ಟನ್ ಬಲದಿಂದ ನೂಕಿದಂತಾಯಿತು. ಎರಡನ್ನೂ ಗುಣಿಸಿದರೆ ೧೪,೩೦೦ ಟನ್-ಮೀಟರ್. ಯಂತ್ರದ ತೂಕವನ್ನು ಹೊರುವುದು ಅಸ್ತಿಭಾರದ ಸುಲಭವಾದ ಕೆಲಸ; ಈ ಮಗುಚುವ ಬಲವನ್ನು ತಡೆಯುವುದೇ ಅದರ ನಿಜವಾದ ಕೆಲಸ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಗಾಳಿ ಹೆಚ್ಚಿದಂತೆಲ್ಲ ನೂಕುಬಲವೂ ಹೆಚ್ಚುತ್ತಲೇ ಹೋಗುವುದೆಂದು ನಾವು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಲ್ಲ. ಯಂತ್ರ ತನ್ನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿದ ಮೇಲೆ ರೆಕ್ಕೆಗಳು ತಮ್ಮ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಹೊರಳಿಸಿ ಹೆಚ್ಚಿನ ಗಾಳಿಯನ್ನು ಜಾರಿಸಿಬಿಡುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ ೨೫ ಮೀಟರ್ ಮೀರಿದಾಗ ಯಂತ್ರ ನಿಂತೇ ಹೋಗುತ್ತದೆ. ರೆಕ್ಕೆಗಳು ಗಾಳಿಗೆ ಅಂಚನ್ನು ಮಾತ್ರ ಒಡ್ಡುತ್ತವೆ. ಆದುದರಿಂದ ತಿರುಗುವ ರೆಕ್ಕೆಗಳಿಂದ ಬರುವ ಅತ್ಯಧಿಕ ನೂಕು ಬಿರುಗಾಳಿಯ ದಿನದ್ದಲ್ಲ. ಸಾಧಾರಣವಾಗಿ ಚೆನ್ನಾಗಿ ಗಾಳಿ ಬೀಸುವ ದಿನದ್ದು. ಬಿರುಗಾಳಿಯ ದಿನ ಕಂಭವನ್ನು ಪರೀಕ್ಷಿಸಲು ಬರುವವು ತೆರೆಗಳು.

ತೆರೆಯ ಹೊಡೆತ

ತೆರೆಯು ಕಂಭದ ಮೇಲೆ ಹಾಕುವ ಬಲವನ್ನು ಲೆಕ್ಕ ಹಾಕುವ ಸೂತ್ರವನ್ನು ೧೯೫೦ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರಿಸನ್ ಮತ್ತು ಆತನ ಸಂಗಡಿಗರು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಅದೇ ಸೂತ್ರ ಬಳಕೆಯಲ್ಲಿದೆ. ಅದರಲ್ಲಿ ಎರಡು ಭಾಗಗಳಿವೆ. ಹರಿಯುವ ನೀರು ಕಂಭವನ್ನು ಎಳೆದುಕೊಂಡು ಹೋಗಲು ಯತ್ನಿಸುವ ಸೆಳೆತ ಮೊದಲನೆಯದು. ಇದು ಕಂಭದ ವ್ಯಾಸಕ್ಕೆ ಅನುಸಾರವಾದುದು. ನೀರಿನ ವೇಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಹುಟ್ಟುವ ಜಡತ್ವಬಲ ಎರಡನೆಯದು. ಇದು ವ್ಯಾಸದ ವರ್ಗಕ್ಕೆ ಅನುಸಾರವಾದುದು. ಕಂಭದ ದಪ್ಪವನ್ನು ಇಮ್ಮಡಿ ಮಾಡಿದರೆ ಮೊದಲನೆಯ ಬಲ ಇಮ್ಮಡಿಯಾಗುತ್ತದೆ, ಎರಡನೆಯದು ನಾಲ್ಮಡಿಯಾಗುತ್ತದೆ. ದಪ್ಪ ಮಾಡಿದರೆ ಗಟ್ಟಿಯಾಗುವುದು ನಿಜ. ಆದರೆ ಗಟ್ಟಿಯಾದಷ್ಟೂ ತೆರೆಗೆ ಹೆಚ್ಚು ಮೈಯೊಡ್ಡಿದಂತೆಯೂ ಆಗುತ್ತದೆ.

ತೆರೆಯ ಚಲನೆ ನೀರಿನ ಮೇಲ್ಭಾಗದಲ್ಲಿ ಪ್ರಬಲ. ಕೆಳಗೆ ಹೋದಂತೆ ಬೇಗ ಕುಗ್ಗುತ್ತದೆ. ಎರಡು ತೆರೆಗಳ ನಡುವಣ ದೂರದ ಅರ್ಧದಷ್ಟು ಆಳಕ್ಕೆ ಇಳಿದರೆ ಅಲ್ಲಿ ನೀರು ಹೆಚ್ಚುಕಡಮೆ ನಿಶ್ಚಲ. ಹೀಗಾಗಿ ತೆರೆಯ ಹೊಡೆತವೂ ಸನ್ನೆಗೋಲಿನ ಮೇಲಿನ ಭಾಗಕ್ಕೇ ಬೀಳುತ್ತದೆ. ೧೯೯೫ನೆಯ ಇಸವಿಯ ಜನವರಿ ೧ರಂದು ಉತ್ತರ ಸಮುದ್ರದ ಡ್ರಾಪ್ನರ್ ಎಂಬ ಅಟ್ಟಣೆಯ ಮೇಲಿದ್ದ ಮಾಪಕದಲ್ಲಿ ೨೫ ಮೀಟರಿಗೂ ಮಿಕ್ಕ ಎತ್ತರದ ಒಂದೇ ಒಂದು ತೆರೆ ದಾಖಲಾಯಿತು. ಸುತ್ತಣ ತೆರೆಗಳ ಪ್ರಮಾಣವನ್ನು ನೋಡಿದರೆ ಅಷ್ಟೆತ್ತರದ ತೆರೆ ಅಲ್ಲಿ ಏಳಬೇಕಾಗಿರಲಿಲ್ಲ. ನಾವಿಕರು ಹೇಳುತ್ತಿದ್ದ ರಾಕ್ಷಸ ತೆರೆಗಳ ಮಾತು ಕಟ್ಟುಕಥೆಯಲ್ಲವೆಂದು ಶಾಸ್ತ್ರಜ್ಞರು ಒಪ್ಪಿದುದು ಆ ಬಳಿಕ.

‘ಐವತ್ತು ವರ್ಷಕ್ಕೊಮ್ಮೆ ಬರುವ ಬಿರುಗಾಳಿ’ಯನ್ನು ತಡೆಯುವಂತೆ ಈ ಕಂಭಗಳನ್ನು ರಚಿಸುವುದು ವಾಡಿಕೆ. ಈ ಮಾತಿನ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಅಂಥ ಬಿರುಗಾಳಿ ಐವತ್ತು ವರ್ಷ ಕಾದಿದ್ದು ಬರುವುದೆಂದು ಇದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ ಎರಡು ಎಂದರ್ಥ. ೨೫ ವರ್ಷ ಬಾಳಬೇಕಾದ ಯಂತ್ರ ತನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಅದನ್ನು ಎದುರಿಸುವ ಸಂಭವವನ್ನು ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು ನಲವತ್ತು ಬರುತ್ತದೆ. ಇದು ದೂರದ ಭಯವಲ್ಲ, ನಿರೀಕ್ಷಿಸಲೇಬೇಕಾದ ಅತಿಥಿ.

ಶ್ರುತಿಯ ಪ್ರಶ್ನೆ

ಬಲಕ್ಕೆ ತಕ್ಕ ಗಟ್ಟಿತನವಿದ್ದರೆ ಸಾಲದು. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ತೂಗುವ ತಾಯಿ ಬಲವಾಗಿ ನೂಕುವುದಿಲ್ಲ. ಉಯ್ಯಾಲೆ ಹಿಂದೆ ಬಂದಾಗಲೆಲ್ಲ ಬೆರಳಿನಿಂದ ಮೆಲ್ಲನೆ ಮುಟ್ಟುತ್ತಾಳೆ, ಅಷ್ಟೆ. ತೂಗು ತಾನಾಗಿಯೇ ಬೆಳೆಯುತ್ತದೆ. ನಿಲ್ಲಿಸಿದ ಪ್ರತಿಯೊಂದು ಕಂಭಕ್ಕೂ ಹೀಗೆಯೇ ತನ್ನದೇ ಆದ ಒಂದು ತೂಗುವ ಕಾಲವಿದೆ. ಹೊರಗಿನ ಸಣ್ಣ ಬಲವೂ ಅದೇ ಕಾಲಕ್ಕೆ ಸರಿಯಾಗಿ ಬಂದು ತಾಗುತ್ತಿದ್ದರೆ ಕಂಭದ ತೂಗಾಟ ಮಿತಿಮೀರುತ್ತದೆ. ಇದನ್ನೇ ಭೌತಶಾಸ್ತ್ರದಲ್ಲಿ ಅನುರಣನವೆನ್ನುತ್ತಾರೆ.

ಗಾಳಿಯಂತ್ರದ ಕಂಭವನ್ನು ಹೀಗೆ ತಾಗುವವು ಮೂರು. ರೆಕ್ಕೆಗಳ ಚಕ್ರ ನಿಮಿಷಕ್ಕೆ ೬ರಿಂದ ೧೨ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಆಗ ಚಕ್ರದ ಒಂದು ಸುತ್ತಿಗೆ ೫ರಿಂದ ೧೦ ಸೆಕೆಂಡು ಹಿಡಿಯುತ್ತದೆ; ಇದು ಮೊದಲನೆಯ ತಾಳ. ರೆಕ್ಕೆಗಳು ಮೂರಿರುವುದರಿಂದ ಒಂದಾದ ಮೇಲೊಂದು ಕಂಭದ ಮುಂದೆ ಹಾಯುವ ಕಾಲ ೧.೭ರಿಂದ ೩.೩ ಸೆಕೆಂಡು; ಇದು ಎರಡನೆಯ ತಾಳ. ಕಡಲಿನ ತೆರೆಗಳದು ಮೂರನೆಯದು. ದಿನನಿತ್ಯದ ತೆರೆ ೫–೬ ಸೆಕೆಂಡಿಗೊಮ್ಮೆಯಾದರೆ ಬಿರುಗಾಳಿಯ ತೆರೆ ೧೦ ಸೆಕೆಂಡಿಗೂ ಮೇಲೆ. ಇವೆಲ್ಲದರ ನಡುವೆ ಕಂಭಕ್ಕೆ ಉಳಿದಿರುವ ಬಿಡುವು ಸುಮಾರು ೩.೩ರಿಂದ ೫ ಸೆಕೆಂಡಿನವರೆಗಿನ ಸಣ್ಣ ಕಿಂಡಿ ಮಾತ್ರ. ಶಿಲ್ಪಿಯು ಕಂಭದ ತೂಗುಕಾಲವನ್ನು ೪ ಸೆಕೆಂಡಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ಅದಕ್ಕಿಂತ ಬಿಗಿ ಮಾಡಲು ಹೊರಟರೆ ಉಕ್ಕಿನ ವೆಚ್ಚ ತಡೆಯಲಾಗದು. ಸಡಿಲ ಬಿಟ್ಟರೆ ತೆರೆಯ ತಾಳಕ್ಕೆ ಸಿಕ್ಕುತ್ತದೆ. ತಂಬೂರಿಯ ಬಿರಡೆಯನ್ನು ತಿರುಗಿಸಿ ಶ್ರುತಿ ಹಿಡಿಯುವವನ ಕೆಲಸವೂ ಇದೂ ಒಂದೇ ಬಗೆಯದು. ವ್ಯತ್ಯಾಸವೇನೆಂದರೆ, ಇಲ್ಲಿ ಕಂಭವನ್ನು ಕಡಲಿಗಿಳಿಸಿದ ಮೇಲೆ ತಿರುಗಿಸಲು ಬಿರಡೆಯಿಲ್ಲ.

ತೂಗಾಟವನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಗಾಳಿಯಂತ್ರಗಳು ಕಡಲಿಗಿಳಿಯುವ ಮೊದಲೇ ಒಂದು ದಾರುಣವಾದ ನಿದರ್ಶನ ದೊರೆತಿತ್ತು. ಅಮೆರಿಕದ ವಾಯುಪಡೆಯವರು ೧೯೫೭ರಲ್ಲಿ ನ್ಯೂಜೆರ್ಸಿಯ ಕರಾವಳಿಯಾಚೆ ಸುಮಾರು ೫೬ ಮೀಟರ್ ಆಳದ ನೀರಿನಲ್ಲಿ ಮೂರು ಕಾಲುಗಳ ಒಂದು ರಾಡಾರ್ ಅಟ್ಟಣೆಯನ್ನು ನಿಲ್ಲಿಸಿದರು. ಟೆಕ್ಸಾಸ್ ಟವರ್ ೪ ಎಂದು ಅದರ ಹೆಸರು. ಕಡಲಿನಲ್ಲಿ ಎಳೆದುಕೊಂಡು ಹೋಗುವಾಗಲೇ ಅದರ ಕಾಲುಗಳನ್ನು ಬಿಗಿಯುವ ಓರೆತೊಲೆಗಳಲ್ಲಿ ಎರಡು ಕಳಚಿಹೋದವು. ದಡಕ್ಕೆ ಮರಳಿ ಒಯ್ಯದೆ ಅಲ್ಲಿಯೇ ದುರಸ್ತಿ ಮಾಡಿದರು. ನೀರಿನೊಳಗಣ ಆ ಕೀಲುಗಳು ಕಾಲಕ್ರಮದಲ್ಲಿ ಸಡಿಲವಾಗುತ್ತ ಬಂದವು, ಅಟ್ಟಣೆ ತೂಗಾಡತೊಡಗಿತು. ಅಲ್ಲಿದ್ದವರು ಅದಕ್ಕೆ ‘ನಡುಗುವ ಮುದುಕಿ’ ಎಂಬರ್ಥದ ಅಡ್ಡಹೆಸರನ್ನೂ ಇಟ್ಟರು. ೧೯೬೦ರ ಸೆಪ್ಟೆಂಬರಿನ ಡೊನ್ನಾ ಚಂಡಮಾರುತ ಅದನ್ನು ಇನ್ನಷ್ಟು ಘಾಸಿಗೊಳಿಸಿತು. ೧೯೬೧ನೆಯ ಜನವರಿ ೧೫ರ ರಾತ್ರಿಯ ಬಿರುಗಾಳಿಯಲ್ಲಿ ಅಟ್ಟಣೆ ಮುರಿದು ಮುಳುಗಿತು. ಅಂದು ಅದರ ಮೇಲಿದ್ದ ೨೮ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಅರ್ಧ ಮಂದಿ ಅದನ್ನು ದುರಸ್ತಿ ಮಾಡಲೆಂದು ಹೋಗಿದ್ದ ಕೆಲಸಗಾರರು.

ನೆಲದ ನಂಬಿಕೆ

ಕಂಭದ ಶ್ರುತಿ ಕಂಭವೊಂದನ್ನೇ ಅವಲಂಬಿಸಿಲ್ಲ. ಅದನ್ನು ಹಿಡಿದಿರುವ ನೆಲವನ್ನೂ ಅವಲಂಬಿಸಿದೆ. ಗಟ್ಟಿಮರಳಿನಲ್ಲಿ ಹೂತ ಕಂಭ ಬಿಗಿಯಾಗಿ ನಿಂತರೆ, ಮೆತ್ತನೆಯ ಜೇಡಿಯಲ್ಲಿ ಹೂತ ಅದೇ ಕಂಭ ನಿಧಾನವಾಗಿ ತೂಗುತ್ತದೆ. ಆದುದರಿಂದಲೇ ಪ್ರತಿಯೊಂದು ಯಂತ್ರ ನಿಲ್ಲುವ ಸ್ಥಳದಲ್ಲಿಯೂ ಕಡಲ ತಳವನ್ನು ಪರೀಕ್ಷಿಸಬೇಕಾಗುತ್ತದೆ.

ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಕಡಲಂಚಿನಲ್ಲಿ ನಿಂತವರಿಗೆಲ್ಲ ಒಂದು ಅನುಭವವಿದೆ. ತೆರೆ ಹಿಂದಕ್ಕೆ ಸರಿಯುವಾಗ ಅಂಗಾಲಿನ ಸುತ್ತಣ ಮರಳು ಜಾರಿ, ಕಾಲು ಒಳಗೊಳಗೆ ಇಳಿಯುತ್ತದೆ. ಹರಿಯುವ ನೀರಿಗೆ ಕಾಲು ಅಡ್ಡವಾದುದರಿಂದ ಅದರ ಬುಡದಲ್ಲಿ ಸುಳಿಗಳೆದ್ದು ಮರಳನ್ನು ಎತ್ತಿಕೊಂಡು ಹೋಗುತ್ತವೆ. ಯಂತ್ರದ ಕಂಭಕ್ಕೂ ಇದೇ ಗತಿ. ಮರಳ ತಳದಲ್ಲಿ ಈ ಕೊರೆತದ ಗುಂಡಿ ಕಂಭದ ವ್ಯಾಸದ ೧.೩ರಷ್ಟು ಆಳವಾಗಬಹುದೆಂದು ಶಿಲ್ಪಿಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ೬ ಮೀಟರ್ ದಪ್ಪದ ಕಂಭದ ಸುತ್ತ ಸುಮಾರು ೮ ಮೀಟರ್ ಆಳದ ಗುಂಡಿ! ಕಂಭವನ್ನು ಹಿಡಿದ ನೆಲ ಅಷ್ಟು ಕೆಳಗಿಳಿದರೆ ಸನ್ನೆಗೋಲು ಉದ್ದವಾಯಿತು, ಶ್ರುತಿ ಕೆಟ್ಟಿತು. ಇದನ್ನು ತಡೆಯಲು ಕಂಭದ ಸುತ್ತ ಜಲ್ಲಿಯನ್ನು ಹಾಸಿ ಅದರ ಮೇಲೆ ದೊಡ್ಡ ಬಂಡೆಗಲ್ಲುಗಳನ್ನು ಹೇರುತ್ತಾರೆ.

ಮೇಲಿನ ಕಟ್ಟಡ ಎಷ್ಟೇ ಉತ್ತಮವಾಗಿದ್ದರೂ ಕೆಳಗಿನ ನೆಲ ಕೈಕೊಡಬಹುದೆಂಬುದು ಹಳೆಯ ಪಾಠ. ಇಂಗ್ಲೆಂಡಿನ ಪ್ಲಿಮತ್ ಬಳಿಯ ಎಡಿಸ್ಟನ್ ಬಂಡೆಯ ಮೇಲೆ ವಿನ್‌ಸ್ಟನ್ಲಿ ಎಂಬಾತ ಕಟ್ಟಿದ ದೀಪಸ್ತಂಭವನ್ನು ೧೭೦೩ರ ಮಹಾ ಬಿರುಗಾಳಿ ಕೊಚ್ಚಿಕೊಂಡು ಹೋಯಿತು. ಅಂದು ಅದರೊಳಗೇ ಇದ್ದ ವಿನ್‌ಸ್ಟನ್ಲಿಯೂ ಮಡಿದನು. ಅನಂತರ ಜಾನ್ ಸ್ಮೀಟನ್ ೧೭೫೯ರಲ್ಲಿ, ಕಲ್ಲಿಗೆ ಕಲ್ಲು ಕಚ್ಚುವಂತೆ ಕೆತ್ತಿ, ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣದ ಗಾರೆಯನ್ನು ಬಳಸಿ, ಬುಡ ದಪ್ಪಗೆ ತುದಿ ಸಣ್ಣಗೆ ಇರುವ ಹೆಮ್ಮರದ ಆಕಾರದಲ್ಲಿ ಹೊಸ ಸ್ತಂಭವನ್ನು ಕಟ್ಟಿದನು. ನೂರು ವರ್ಷಗಳಿಗೂ ಮೀರಿ ಅದು ಅಲುಗದೆ ನಿಂತಿತು. ಕೊನೆಗೆ ಸವೆದುದು ಸ್ತಂಭವಲ್ಲ, ಅದರಡಿಯ ಬಂಡೆ. ೧೮೮೨ರಲ್ಲಿ ಪಕ್ಕದಲ್ಲಿ ಬೇರೊಂದು ಸ್ತಂಭ ಸಿದ್ಧವಾದ ಮೇಲೆ ಸ್ಮೀಟನ್ನನ ಸ್ತಂಭದ ಮೇಲ್ಭಾಗವನ್ನು ಕಳಚಿ ಪ್ಲಿಮತ್ ಊರಿನಲ್ಲಿ ನಿಲ್ಲಿಸಿದರು. ಅದನ್ನು ಇಂದಿಗೂ ಅಲ್ಲಿ ನೋಡಬಹುದು.

ಉಕ್ಕಿನ ದಣಿವು

ಒಂದು ತಂತಿಯನ್ನು ಎಳೆದು ಹರಿಯುವುದು ಕಷ್ಟ. ಅದನ್ನೇ ಹತ್ತಿಪ್ಪತ್ತು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಪಟಕ್ಕನೆ ತುಂಡಾಗುತ್ತದೆ. ಲೋಹಕ್ಕೂ ದಣಿವಿದೆ. ತೆರೆ ೫ ಸೆಕೆಂಡಿಗೊಮ್ಮೆ ತಾಗುವುದೆಂದು ಹಿಡಿದರೆ ೨೫ ವರ್ಷಗಳಲ್ಲಿ ಕಂಭದ ಮೇಲೆ ಬೀಳುವ ಪೆಟ್ಟುಗಳ ಸಂಖ್ಯೆ ಸುಮಾರು ೧೬ ಕೋಟಿ. ಇವುಗಳಲ್ಲಿ ಒಂದೊಂದೂ ಸಣ್ಣದೇ. ಆದರೆ ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಸೀಳಿದ್ದರೆ ಪ್ರತಿಯೊಂದು ಪೆಟ್ಟೂ ಅದನ್ನು ಕೂದಲೆಳೆಯಷ್ಟು ಬೆಳೆಸುತ್ತ ಹೋಗುತ್ತದೆ. ಬಹುಮಟ್ಟಿಗೆ ಕಡಲ ಕಂಭದ ಉಕ್ಕಿನ ದಪ್ಪವನ್ನು ನಿರ್ಧರಿಸುವುದು ಒಂದು ಮಹಾ ಬಿರುಗಾಳಿಯಲ್ಲ, ಈ ಅಸಂಖ್ಯಾತ ಸಣ್ಣ ತೆರೆಗಳು.

ಉತ್ತರ ಸಮುದ್ರದಲ್ಲಿ ತೈಲದ ಕೆಲಸಗಾರರಿಗೆ ವಸತಿಯಾಗಿದ್ದ ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ಅಟ್ಟಣೆ ೧೯೮೦ರ ಮಾರ್ಚ್ ೨೭ರಂದು ಮಗುಚಿಕೊಂಡಿತು. ಅದರಲ್ಲಿದ್ದ ೨೧೨ ಜನರಲ್ಲಿ ೧೨೩ ಜನ ತೀರಿಕೊಂಡರು. ವಿಚಾರಣೆಯಲ್ಲಿ ತಿಳಿದುಬಂದುದೇನೆಂದರೆ, ಒಂದು ತೊಲೆಗೆ ಸಣ್ಣ ಉಪಕರಣವೊಂದನ್ನು ಸಿಕ್ಕಿಸಲೆಂದು ಹಾಕಿದ್ದ ಕಿರಿದಾದ ಬೆಸುಗೆಯಲ್ಲಿ ಸೀಳು ಮೊದಲಾಗಿ, ದಣಿವಿನಿಂದ ಬೆಳೆದು, ತೊಲೆಯನ್ನೇ ತುಂಡರಿಸಿತ್ತು. ಆ ಉಪಕರಣ ಅಟ್ಟಣೆಯ ಭಾರವನ್ನು ಹೊರುವ ಅಂಗವೇ ಆಗಿರಲಿಲ್ಲ. ಮುಖ್ಯವಲ್ಲವೆಂದು ತೋರಿದ ಕಡೆಯಲ್ಲಿ ಮಾಡಿದ ಅಲಕ್ಷ್ಯ ಮುಖ್ಯವಾದುದನ್ನೇ ಕೆಡವಿತು. ಇದರ ಜೊತೆಗೆ ಉಪ್ಪುನೀರಿನ ತುಕ್ಕು ಸೇರಿದರೆ ಸೀಳು ಇನ್ನೂ ಬೇಗ ಬೆಳೆಯುತ್ತದೆ. ಆದಕಾರಣ ಕಂಭಕ್ಕೆ ದಪ್ಪನಾದ ಬಣ್ಣವನ್ನು ಬಳಿಯುವುದಲ್ಲದೆ, ಅದರ ಬದಲಿಗೆ ತಾವು ಕರಗಿ ಉಕ್ಕನ್ನು ಉಳಿಸುವ ಅಲ್ಯೂಮಿನಿಯಂ ಅಥವಾ ಸತುವಿನ ಗಟ್ಟಿಗಳನ್ನು ನೀರಿನೊಳಗೆ ಕಟ್ಟಿರುತ್ತಾರೆ.

ಅಸ್ತಿಭಾರದ ಬಗೆಗಳು

ಇಷ್ಟನ್ನು ತಿಳಿದ ಮೇಲೆ ಬಳಕೆಯಲ್ಲಿರುವ ಬಗೆಗಳನ್ನು ಅರ್ಥಮಾಡಿಕೊಳ್ಳುವುದು ಸುಲಭ.

ಮೊದಲನೆಯದು ಭಾರದ ಪೀಠ. ಕಾಂಕ್ರೀಟಿನ ಅಗಲವಾದ ಪೀಠವನ್ನು ಕಡಲ ತಳದ ಮೇಲೆ ಕೂರಿಸಿ, ಅದರ ಭಾರದಿಂದಲೇ ಯಂತ್ರ ಮಗುಚದಂತೆ ಮಾಡುವುದು. ವಿಂಡೆಬಿಯಲ್ಲಿದ್ದುದು ಇದೇ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರಿಗೆ ಇಂಥ ಪೀಠಗಳ ಕತ್ತಿನ ಬಳಿ ಶಂಕುವಿನ ಆಕಾರವನ್ನು ಕೊಡುತ್ತಾರೆ. ಡೆನ್ಮಾರ್ಕಿನ ಮಿಡ್ಲ್‌ಗ್ರುಂಡೆನ್ನಿನಲ್ಲಿ ೨೦೦೦ದಲ್ಲಿ ನಿಲ್ಲಿಸಿದ ೨೦ ಯಂತ್ರಗಳಿಗೆ ಇದು ಉಂಟು. ಇದರ ಮರ್ಮ ಸರಳವಾದುದು. ಹಪ್ಪಳವನ್ನು ಅಂಚಿನಿಂದ ಒತ್ತಿ ಪುಡಿಮಾಡುವುದಕ್ಕಿಂತ ಬಗ್ಗಿಸಿ ಮುರಿಯುವುದು ಸುಲಭವಷ್ಟೆ. ನೇರವಾದ ಕಂಭಕ್ಕೆ ಬಂದು ಒತ್ತುವ ಹಿಮದ ಹಾಸು ಪುಡಿಯಾಗುವವರೆಗೆ ಬಲ ಹಾಕುತ್ತದೆ. ಇಳಿಜಾರಾದ ಶಂಕುವಿನ ಮೇಲೆ ಅದು ಬಗ್ಗಿ, ಬೇಗ ಮುರಿದು, ಕಡಮೆ ಬಲದಲ್ಲಿಯೇ ತೊಲಗುತ್ತದೆ.

ಎರಡನೆಯದು ಒಂಟಿಕಂಭ. ಉಕ್ಕಿನ ದೊಡ್ಡ ಕೊಳವೆಯನ್ನು ಭಾರಿ ಸುತ್ತಿಗೆಯಿಂದ ಕಡಲ ತಳದೊಳಕ್ಕೆ ಹೊಡೆದು ಇಳಿಸುವುದು. ಇಂದು ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ಇದೇ. ೨೦೦೨ರಲ್ಲಿ ಡೆನ್ಮಾರ್ಕಿನ ಹಾರ್ನ್ಸ್ ರೆವ್ ಎಂಬಲ್ಲಿ ೮೦ ಯಂತ್ರಗಳನ್ನು ನಿಲ್ಲಿಸಿದಾಗ ಕಂಭದ ವ್ಯಾಸ ೪ ಮೀಟರ್ ಇದ್ದಿತು. ಇಂದಿನ ದೊಡ್ಡ ಯಂತ್ರಗಳಿಗೆ ೮ರಿಂದ ೧೦ ಮೀಟರ್ ವ್ಯಾಸದ, ಸಾವಿರ ಟನ್ನಿಗೂ ಮಿಕ್ಕ ತೂಕದ ಕಂಭಗಳು ಬೇಕಾಗುತ್ತವೆ. ಸುತ್ತಿಗೆಯ ಸದ್ದು ನೀರಿನೊಳಗೆ ಬಹುದೂರ ಹರಿದು, ಕಿವಿಯನ್ನೇ ನಂಬಿ ಬದುಕುವ ಪಾರ್ಪಸ್ ಮೊದಲಾದ ಪ್ರಾಣಿಗಳಿಗೆ ತೊಂದರೆಯಾಗುತ್ತದೆ. ಅದಕ್ಕಾಗಿ ಜರ್ಮನಿಯವರು ೭೫೦ ಮೀಟರ್ ದೂರದಲ್ಲಿ ಒಂದು ಪೆಟ್ಟಿನ ಸದ್ದು ೧೬೦ ಡೆಸಿಬೆಲ್ ಮೀರಬಾರದೆಂದು ವಿಧಿಸಿದ್ದಾರೆ. ಕಂಭದ ಸುತ್ತ ತಳದಿಂದ ಗಾಳಿಗುಳ್ಳೆಗಳ ತೆರೆಯನ್ನೆಬ್ಬಿಸಿ ಸದ್ದನ್ನು ತಗ್ಗಿಸುತ್ತಾರೆ.

ಮೂರನೆಯದು ಜಾಕೆಟ್ ಎಂಬ ಜಾಲರಿ. ಮೂರು ಅಥವಾ ನಾಲ್ಕು ಕಾಲುಗಳನ್ನು ಓರೆತೊಲೆಗಳಿಂದ ಬಿಗಿದ ಉಕ್ಕಿನ ಹಂದರವಿದು. ತೆಳುವಾದ ತೊಲೆಗಳ ನಡುವೆ ತೆರೆ ನುಸುಳಿಹೋಗುವುದರಿಂದ ಹೊಡೆತ ಕಡಮೆ. ಕಾಲುಗಳ ಅಂತರ ಹೆಚ್ಚಿರುವುದರಿಂದ ಮಗುಚುವ ಬಲವನ್ನು ಒಂದು ಕಾಲು ಒತ್ತಿ, ಇನ್ನೊಂದು ಕಾಲು ಎಳೆದು ತಡೆಯುತ್ತದೆ. ಆದರೆ ಕೀಲುಗಳು ಬಹಳ, ಬೆಸುಗೆಗಳೂ ಬಹಳ. ೨೦೧೦ರಲ್ಲಿ ಆರಂಭವಾದ ಜರ್ಮನಿಯ ಆಲ್ಫಾ ವೆಂಟುಸ್ ಸ್ಥಾವರದಲ್ಲಿ ಸುಮಾರು ೩೦ ಮೀಟರ್ ಆಳದಲ್ಲಿ ೬ ಯಂತ್ರಗಳನ್ನು ಜಾಕೆಟಿನ ಮೇಲೂ ೬ನ್ನು ಮುಕ್ಕಾಲಿಗಳ ಮೇಲೂ ನಿಲ್ಲಿಸಿ ಹೋಲಿಸಿ ನೋಡಿದರು. ಸ್ಕಾಟ್ಲೆಂಡಿನ ಸೀಗ್ರೀನ್ ಸ್ಥಾವರದಲ್ಲಿ ೨೦೨೩ರಲ್ಲಿ ಸುಮಾರು ೫೯ ಮೀಟರ್ ಆಳಕ್ಕೆ ಜಾಕೆಟನ್ನು ಇಳಿಸಿದರು. ಅದರ ಕಾಲುಗಳಿಗೆ ಗೂಟಗಳಿಲ್ಲ. ಬೋರಲು ಹಾಕಿದ ಬಕೆಟ್ಟುಗಳಿವೆ. ಬಕೆಟ್ಟಿನೊಳಗಿನ ನೀರನ್ನು ಪಂಪಿನಿಂದ ಹೀರಿದಾಗ ಹೊರಗಿನ ನೀರಿನ ಒತ್ತಡ ಅದನ್ನು ನೆಲದೊಳಕ್ಕೆ ಅದುಮುತ್ತದೆ. ಮಕ್ಕಳು ಲೋಟವನ್ನು ಬಾಯಿಗೆ ಹಿಡಿದು ಗಾಳಿ ಹೀರಿದಾಗ ಅದು ಅಂಟಿಕೊಳ್ಳುವುದೂ ಇದೇ ತತ್ತ್ವದಿಂದ.

ನಾಲ್ಕನೆಯದು ತೇಲುವ ಅಸ್ತಿಭಾರ. ಸುಮಾರು ೬೦ ಮೀಟರಿಗಿಂತ ಆಳದಲ್ಲಿ ತಳಕ್ಕೆ ಕಾಲೂರುವುದು ಬಹಳ ದುಬಾರಿಯಾಗುತ್ತದೆ. ೨೦೧೭ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಊರಿನಾಚೆ ಹೈವಿಂಡ್ ಎಂಬ ಹೆಸರಿನ ೬ ಮೆಗಾವಾಟಿನ ೫ ಯಂತ್ರಗಳನ್ನು ತೇಲಿಬಿಟ್ಟರು. ಒಂದೊಂದರ ಕೆಳಗೂ ಸುಮಾರು ೭೮ ಮೀಟರ್ ನೀರಿನೊಳಗಿಳಿದ ಉಕ್ಕಿನ ಕೊಳವೆಯಿದೆ. ಅದರ ಅಡಿಯಲ್ಲಿ ಭಾರವನ್ನು ತುಂಬಿದೆ. ತಂಜಾವೂರಿನ ಬೊಂಬೆಯನ್ನು ಎಷ್ಟು ಸಲ ಬೀಳಿಸಿದರೂ ಅದು ಎದ್ದು ನಿಲ್ಲುವಂತೆ ಇದೂ ನೆಟ್ಟಗಾಗುತ್ತದೆ. ದಿಕ್ಕು ತಪ್ಪದಂತೆ ಮೂರು ಸರಪಣಿಗಳು ಹಿಡಿದಿವೆ. ಇದರ ತೂಗುಕಾಲ ತೆರೆಗಳ ಕಾಲಕ್ಕಿಂತ ಬಹಳ ದೀರ್ಘವಾದುದರಿಂದ ತೆರೆಗಳು ಬಂದು ಹೋದರೂ ಇದು ಅವುಗಳ ತಾಳಕ್ಕೆ ಕುಣಿಯುವುದಿಲ್ಲ. ೨೦೨೪ರಲ್ಲಿ ಈ ಯಂತ್ರಗಳನ್ನು ದೊಡ್ಡ ದುರಸ್ತಿಗಾಗಿ ನಾರ್ವೆಯ ಬಂದರಿಗೆ ಎಳೆದುಕೊಂಡು ಹೋದರು. ನೆಲಕ್ಕೆ ಹೂತ ಯಂತ್ರಕ್ಕೆ ಈ ಅನುಕೂಲವಿಲ್ಲ.

ಎರವಲು ತಂದ ಲೆಕ್ಕ

ಒಂಟಿಕಂಭಗಳ ಚರಿತ್ರೆಯಲ್ಲಿ ವಿದ್ಯಾರ್ಥಿಗಳಾದವರು ಮರೆಯಬಾರದ ಒಂದು ಅಧ್ಯಾಯವಿದೆ. ಸುತ್ತಿಗೆಯ ಪೆಟ್ಟು ತಿಂದ ಕೊಳವೆ ನೆಟ್ಟಗಿರುವುದೆಂಬ ಭರವಸೆಯಿಲ್ಲ. ಆದಕಾರಣ ಅದರ ತಲೆಯ ಮೇಲೆ ಇನ್ನೊಂದು ಅಗಲವಾದ ಕೊಳವೆಯನ್ನು ಟೋಪಿಯಂತೆ ಇಳಿಸಿ, ನೆಟ್ಟಗೆ ನಿಲ್ಲಿಸಿ, ಎರಡರ ನಡುವಣ ಸಂದಿನಲ್ಲಿ ಗಟ್ಟಿ ಸಿಮೆಂಟುಗಾರೆಯನ್ನು ತುಂಬುತ್ತಿದ್ದರು. ಗಾರೆ ಹಿಡಿದ ಮೇಲೆ ಮೇಲಿನ ಯಂತ್ರದ ಭಾರವೆಲ್ಲ ಅದರ ಮೂಲಕವೇ ಕೆಳಗಿಳಿಯಬೇಕು. ಇಂಥ ಗಾರೆಯ ಕೀಲು ತೈಲದ ಅಟ್ಟಣೆಗಳಲ್ಲಿ ಬಹುಕಾಲ ಬಾಳಿ ಹೆಸರು ಗಳಿಸಿತ್ತು. ಅದೇ ನಂಬಿಕೆಯಿಂದ ಗಾಳಿಯಂತ್ರಕ್ಕೂ ತಂದರು.

೨೦೦೯–೧೦ರ ವೇಳೆಗೆ ಉತ್ತರ ಯೂರೋಪಿನ ಹಲವು ಸ್ಥಾವರಗಳಲ್ಲಿ ಈ ಟೋಪಿಗಳು ಕೆಳಕ್ಕೆ ಜಾರುತ್ತಿರುವುದು ಕಂಡುಬಂದಿತು. ಕೆಲವೆಡೆ ಜಾರಿದ ಟೋಪಿ, ಕಟ್ಟುವಾಗ ತಾತ್ಕಾಲಿಕವಾಗಿ ಇಟ್ಟಿದ್ದ ಸಣ್ಣ ಆನಿಕೆಗಳ ಮೇಲೆ ಬಂದು ಕುಳಿತಿತ್ತು. ಕಾರಣವನ್ನು ಹುಡುಕಿದಾಗ ತಿಳಿದುದು ಇದು: ತೈಲದ ಅಟ್ಟಣೆಗೆ ಹಲವು ಕಾಲುಗಳಿರುವುದರಿಂದ ಅಲ್ಲಿ ಕೀಲಿನ ಮೇಲೆ ಮುಖ್ಯವಾಗಿ ನೇರವಾದ ಒತ್ತಡ ಬೀಳುತ್ತದೆ. ಒಂಟಿಕಾಲಿನ ಗಾಳಿಯಂತ್ರದಲ್ಲಾದರೋ ಕೀಲು ಹಗಲಿರುಳೂ ಹಿಂದಕ್ಕೂ ಮುಂದಕ್ಕೂ ಬಗ್ಗುತ್ತಿರುತ್ತದೆ. ನಯವಾದ ಉಕ್ಕಿಗೂ ಗಾರೆಗೂ ಇದ್ದ ಹಿಡಿತ ಹೀಗೆ ಸವೆದು ಬಿಟ್ಟುಹೋಯಿತು. ಅನಂತರ ಕೊಳವೆಗಳನ್ನು ಶಂಕುವಿನಾಕಾರದಲ್ಲಿ ಮಾಡುವುದು, ಉಕ್ಕಿನ ಮೈಗೆ ಬೆಸುಗೆಯ ಏಣುಗಳನ್ನು ಕೊಡುವುದು, ಗಾರೆಯನ್ನೇ ಬಿಟ್ಟು ಬೋಲ್ಟುಗಳಿಂದ ಬಿಗಿಯುವುದು ಮುಂತಾದ ಉಪಾಯಗಳು ಬಂದವು. ಯಾವ ಯಂತ್ರವೂ ಇದರಿಂದ ಉರುಳಲಿಲ್ಲವೆಂಬುದು ಸಮಾಧಾನ. ಆದರೆ ದುರಸ್ತಿಯ ವೆಚ್ಚ ಅಪಾರವಾಯಿತು. ಹಳೆಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಲೆಕ್ಕ ಯಾವ ನಿಬಂಧನೆಗಳ ಮೇಲೆ ನಿಂತಿತ್ತೋ ಆ ನಿಬಂಧನೆಗಳು ಹೊಸ ಸ್ಥಳದಲ್ಲಿ ಇರಲಿಲ್ಲ.

ನಮ್ಮ ದೇಶದ ಮಾತು

ಈ ಅಧ್ಯಾಯ ನಮಗೇಕೆ ಮುಖ್ಯವೆಂದರೆ, ಭಾರತವೂ ಈಗ ಕಡಲಿಗಿಳಿಯಲು ಸಿದ್ಧವಾಗುತ್ತಿದೆ. ೨೦೧೫ರಲ್ಲಿ ಕೇಂದ್ರ ಸರ್ಕಾರ ಕಡಲ ಗಾಳಿಶಕ್ತಿಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ೨೦೧೭ರಲ್ಲಿ ಖಂಭಾತ ಕೊಲ್ಲಿಯಲ್ಲಿ ಗಾಳಿಯನ್ನು ಅಳೆಯುವ ಉಪಕರಣವನ್ನು ನಿಲ್ಲಿಸಲಾಯಿತು. ೨೦೨೪ರ ಜೂನ್ ತಿಂಗಳಿನಲ್ಲಿ ಗುಜರಾತ್ ಮತ್ತು ತಮಿಳುನಾಡುಗಳ ಕಡಲಿನಲ್ಲಿ ತಲಾ ೫೦೦ ಮೆಗಾವಾಟಿನ ಸ್ಥಾವರಗಳಿಗಾಗಿ ೭,೪೫೩ ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು.

ನಮ್ಮ ಕಡಲು ಉತ್ತರ ಸಮುದ್ರವಲ್ಲ. ಅಲ್ಲಿ ಬಹಳ ಕಡೆ ಗಟ್ಟಿಮರಳಿನ ತಳ. ನಮ್ಮ ಪಶ್ಚಿಮ ತೀರದಲ್ಲಿ ಮೆತ್ತನೆಯ ಜೇಡಿಯ ಪದರಗಳು ಸಾಮಾನ್ಯ. ಖಂಭಾತ ಕೊಲ್ಲಿಯ ಒಳಭಾಗದಲ್ಲಿ ಉಬ್ಬರ-ಇಳಿತಗಳ ಅಂತರ ಭಾರತದಲ್ಲಿಯೇ ಅತ್ಯಧಿಕ. ನೀರಿನ ಸೆಳೆತವೂ ಹಾಗೆಯೇ. ಅಲ್ಲಿಯ ಚಳಿಗಾಲದ ಬಿರುಗಾಳಿಯ ಬದಲು ಇಲ್ಲಿ ಚಂಡಮಾರುತ. ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿಯ ದಿಕ್ಕು ಸ್ವಲ್ಪ ಕಾಲದಲ್ಲಿಯೇ ತಿರುವುಮುರುವಾಗುತ್ತದೆ. ಹಳೆಯ ದಿಕ್ಕಿನಿಂದ ಬರುವ ತೆರೆಯೂ ಹೊಸ ದಿಕ್ಕಿನಿಂದ ಬರುವ ಗಾಳಿಯೂ ಕಂಭವನ್ನು ಬೇರೆ ಬೇರೆ ಕಡೆಯಿಂದ ತಾಗುತ್ತವೆ. ೨೦೨೧ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬಯಿಯಾಚೆಯ ತೈಲಕ್ಷೇತ್ರದ ಬಳಿ ಕೆಲಸಗಾರರಿದ್ದ ಬಾರ್ಜೊಂದು ಮುಳುಗಿ ಹತ್ತಾರು ಜನ ಮಡಿದುದು ನಮಗೆಲ್ಲ ನೆನಪಿರುವ ಸಂಗತಿ. ಆದುದರಿಂದ ಉತ್ತರ ಸಮುದ್ರದ ನಕ್ಷೆಯನ್ನು ಹಾಗೆಯೇ ತಂದು ಅರಬ್ಬೀ ಸಮುದ್ರದಲ್ಲಿ ನಿಲ್ಲಿಸುವಂತಿಲ್ಲ. ಅಲ್ಲಿಂದ ತರಬೇಕಾದುದು ಲೆಕ್ಕದ ವಿಧಾನವನ್ನು. ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ನಮ್ಮ ಗಾಳಿ, ನಮ್ಮ ತೆರೆ, ನಮ್ಮ ಜೇಡಿಯಿಂದಲೇ ಅಳೆದು ಪಡೆಯಬೇಕು.

ಇದು ಯಂತ್ರಶಿಲ್ಪಿಗಳ ಕೆಲಸ, ಕಲಾವಿಭಾಗದ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಕಡಲ ತಳದ ರಚನೆಯನ್ನೂ ಸೆಳೆತವನ್ನೂ ಅರಿಯುವುದು ಭೂಗೋಳದ ವಿದ್ಯಾರ್ಥಿಯ ಕೆಲಸ. ಈ ಅಸ್ತಿಭಾರಕ್ಕೆ ತಗಲುವ ವೆಚ್ಚ ಕೊನೆಗೆ ಮನೆಯ ದೀಪದ ಬಿಲ್ಲಿನಲ್ಲಿ ಎಷ್ಟಾಗಿ ಬರುವುದೆಂದು ಲೆಕ್ಕ ಹಾಕುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಕೆಲಸ. ಯಂತ್ರಗಳು ನಿಂತ ನೀರಿನಲ್ಲಿ ಬಲೆ ಬೀಸುತ್ತಿದ್ದ ಮೀನುಗಾರರ ಹಕ್ಕೇನೆಂದು ವಿಚಾರಿಸುವುದು ಸಮಾಜಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳ ವಿದ್ಯಾರ್ಥಿಯ ಕೆಲಸ. ಟೆಕ್ಸಾಸ್ ಟವರ್ ನಡುಗುತ್ತಿದ್ದುದು ಅದರ ಮೇಲೆ ವಾಸವಾಗಿದ್ದವರಿಗೆಲ್ಲ ತಿಳಿದಿತ್ತು. ಹಾಗಿದ್ದೂ ಅವರನ್ನು ಸಕಾಲದಲ್ಲಿ ಕೆಳಗಿಳಿಸಲಿಲ್ಲ. ಅಂಥ ನಿರ್ಣಯವನ್ನು ಮಾಡುವ ಸ್ಥಾನಗಳಲ್ಲಿ ಕುಳಿತುಕೊಳ್ಳುವವರು ಎಲ್ಲ ಬಗೆಯ ಕಾಲೇಜುಗಳಿಂದಲೂ ಹೋಗುತ್ತಾರೆ. ಅಲ್ಲಿಗೆ ಹೋಗುವವರು ಶಿಲ್ಪಿಯ ಲೆಕ್ಕವನ್ನು ತಾವೇ ಮಾಡಬೇಕಾಗಿಲ್ಲ. ಆದರೆ ಆ ಲೆಕ್ಕ ಯಾವ ಕಡಲಿನದು, ಯಾವ ನೆಲದ್ದು, ಎಷ್ಟು ವರ್ಷಗಳದು ಎಂದು ಕೇಳುವಷ್ಟು ತಿಳಿವಳಿಕೆ ಅವರಿಗೆ ಇರಲೇಬೇಕು.